ನಳ ಕಾಯುವ ಯಂತ್ರ

ಹೊಸದಾಗಿ ಏನಾದರೂ ಕಲಿತವರಿಂದ ನಾಲ್ಕು ಮಾರು ದೂರವಿರುವುದು ಕ್ಷೇಮ. ಹಾರ್ಮೋನಿಯಂ ಕಲಿತವನು ಕಿವಿ ತಿನ್ನುತ್ತಾನೆ, ಹೋಮಿಯೋಪತಿ ಓದಿದವನು ನಾಲಗೆ ಚಾಚು ಅನ್ನುತ್ತಾನೆ. ನಾನಂತೂ ಯಂತ್ರಗಳಿಗೇ ಪಾಠ ಹೇಳುವ ವಿದ್ಯೆ ಕಲಿತವನು. ಹೈದರಾಬಾದಿನ ಲ್ಯಾಬೊಂದರಲ್ಲಿ ಮೆಷಿನ್ ಲರ್ನಿಂಗ್, ಸ್ಮಾರ್ಟ್ ಸೆನ್ಸರ್ ಎಂದು ಸಂಶೋಧನೆಗೆ ಸೇರಿದ ಹೊಸತು. ಕಂಡದ್ದಕ್ಕೆಲ್ಲ ಸೆನ್ಸರ್ ಅಂಟಿಸುವ ಹುಮ್ಮಸ್ಸು. ಕುಕ್ಕರಿನ ಸೀಟಿ ಎಣಿಸಲು ಒಂದನ್ನು ಮಾಡಿದ್ದೆ. ಸರಿಯಾಗಿಯೇ ಎಣಿಸುತ್ತಿತ್ತು, ಎದುರುಮನೆಯ ಕುಕ್ಕರನ್ನೂ ಸೇರಿಸಿ.

ದಿಲ್‌ಸುಖ್‌ನಗರದಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಸುಶೀಲಾ ಕಾಕು, ಕಲಬುರಗಿ ಕಡೆಯವರು. ಮೈಸೂರಿನಿಂದ ಬಂದ ನನಗೆ ಮೊದಲ ದಿನವೇ ಬಿಸಿ ರೊಟ್ಟಿ ಬಡಿಸಿ 'ತಮ್ಮಾ' ಅಂದ ಜೀವ. ನಮ್ಮ ಓಣಿಗೆ ನೀರು ದಿನ ಬಿಟ್ಟು ದಿನ ಬರುತ್ತದೆ. ಯಾವ ಹೊತ್ತಿಗೆ ಅನ್ನುವುದು ಅದರ ಮರ್ಜಿ. ಹಾಗಾಗಿ ನೀರಿನ ದಿನ ಕಾಕು ಹೊಸ್ತಿಲು ದಾಟುವಂತಿಲ್ಲ. ಪೈಪು ಗೊರಗೊರ ಅಂದದ್ದೇ ತಡ, "ನಳ ಬಂದಾವ್ರೀ!" ಎಂದು ಕೂಗುತ್ತಾರೆ. ಮೇಲಿನ ಮನೆಯವರು, ಹಿಂದಿನ ಮನೆಯವರು ಎಲ್ಲ ಕೊಡ ಹಿಡಿದು ಓಡಿಬರುತ್ತಾರೆ.

ಹೋದ ತಿಂಗಳು ಅವರ ತಂಗಿಯ ಮಗಳ ಕುಬಸ ಬಂತು, ಅಂದರೆ ನಮ್ಮ ಕಡೆಯ ಸೀಮಂತ. "ನಾ ಹ್ಯಾಂಗ ಹೋಗ್ಲೋ ತಮ್ಮಾ? ಈ ನಳದ ಸಲುವಾಗಿ ಒಂದು ಮದುವಿ ಕಂಡಿಲ್ಲ, ಒಂದು ತೊಟ್ಲಾ ಕಂಡಿಲ್ಲ," ಅಂದರು. ಕಣ್ಣು ತುಂಬಿತ್ತು. ನನಗೆ ತಡೆಯಲಾಗಲಿಲ್ಲ.

"ನೀವು ಹೋಗಿ ಕಾಕು! ನೀರು ಬರೋ ಸದ್ದು ಕೇಳಿ ತಾನೇ ಗಂಟೆ ಹೊಡೆಯೋ ಸೆನ್ಸರ್ ಮಾಡ್ತೀನಿ!"

ಪೈಪಿಗೆ ಪುಟ್ಟ ಮೈಕು ಅಂಟಿಸಿದೆ. ನೀರು ಬಂದಾಗಲೆಲ್ಲ ಸದ್ದು ಹಿಡಿದು, 'ಇದೇ ನೀರು' ಎಂದು ಯಂತ್ರಕ್ಕೆ ಕಲಿಸಿದೆ. ಏನು ಚುರುಕು ಅಂತೀರಿ! ಪರೀಕ್ಷೆಯಲ್ಲಿ ಒಮ್ಮೆಯೂ ತಪ್ಪಲಿಲ್ಲ. ಸಂತೋಷಕ್ಕೆ ನನಗೆ ಊಟ ಸೇರಲಿಲ್ಲ. ಕಾಕುವಿನ ಯಜಮಾನರು, ನಾವೆಲ್ಲ ಕಾಕಾ ಅನ್ನುವವರು, "ಭಾಳ ಶಾಣ್ಯಾ ಇದ್ದಿ ಬಿಡೋ," ಅಂದರು. ಹೊಗಳಿಕೆ ಎಂದೇ ತೆಗೆದುಕೊಂಡೆ. ಕಾಕುವನ್ನು ಬೇಗಂಪೇಟೆಯಲ್ಲಿ ರೈಲು ಹತ್ತಿಸಿ ಬಂದೆ.

ಮರುದಿನ ನೀರಿನ ದಿನ. ಯಂತ್ರ ಇದೆಯಲ್ಲ ಎಂದು ಎಲ್ಲರೂ ನಿಶ್ಚಿಂತೆಯಿಂದ ಟಿವಿ ಮುಂದೆ ಕೂತರು. ಗಂಟೆ ಹೊಡೆಯಲಿಲ್ಲ. ಸಂಜೆ ಎದುರುಮನೆಯಾಕೆ, "ನೀಳ್ಳು ವಚ್ಚಿ ಪೋಯಾಯಿ ಕದಂಡಿ!" ಅಂದಾಗಲೇ ನೀರು ಬಂದುಹೋದದ್ದು ತಿಳಿದದ್ದು. ಖಾಲಿ ಕೊಡಗಳೊಂದಿಗೆ ಎಲ್ಲರೂ ನನ್ನನ್ನು ಸುತ್ತುವರಿದರು. ಅಷ್ಟರಲ್ಲಿ ಕಾಕುವಿನ ಫೋನು. ಸ್ಪೀಕರಿಗೆ ಹಾಕಿದೆ.

"ತಮ್ಮಾ, ನಳ ಬಂದಾವೇನೋ?"

ಟಣಟಣಟಣ! ಒಣಗಿದ ಪೈಪಿನ ಮೇಲಿಂದ ಯಂತ್ರ ಗಂಟೆ ಬಾರಿಸತೊಡಗಿತು.

ಆಗ ಹೊಳೆಯಿತು. ನಾನು ಹಿಡಿದ ಒಂದೊಂದು ಸದ್ದಿನಲ್ಲೂ ನೀರಿನ ಜೊತೆಗೆ ಕಾಕುವಿನ ಕೂಗೂ ಇತ್ತು. ಯಂತ್ರ ಗೊರಗೊರವನ್ನು ಬಿಟ್ಟು, ಜೋರಾಗಿ ಕೇಳಿಸಿದ ಕಾಕುವನ್ನು ಕಲಿತುಬಿಟ್ಟಿತ್ತು! "ಅಬ್ಬಾ, ಏನು ಕಲಿಕೆ ಕಾಕು! ಫೋನಲ್ಲೂ ನಿಮ್ಮ ದನಿ ಗುರುತು ಹಿಡೀತು!" ಎಂದು ಕುಣಿದೇಬಿಟ್ಟೆ. ಬೇರೆ ಯಾರೂ ಕುಣಿಯಲಿಲ್ಲ.

"ಕುಬಸ ನಾಡಿದ್ದ ಐತಿ. ಅವತ್ತೂ ನಳದ ದಿನಾನ. ಬಿಟ್ಟು ಬರ್ಲೇನೋ?" ಕಾಕುವಿನ ದನಿ ಇಳಿದಿತ್ತು.

"ಬೇಡವೇ ಬೇಡ! ಮಗಳಿಗೆ ಉಡಿ ತುಂಬಿ ನಿಧಾನಕ್ಕೆ ಬನ್ನಿ. ಇಲ್ಲಿ ಬೇರೆ ಸೆನ್ಸರ್ ಹಾಕ್ತೀನಿ."

ಹಾಕಿದೆ. ಕುಬಸದ ದಿನ ಲ್ಯಾಬಿಗೆ ರಜೆ ಹೇಳಿ, ಪೈಪಿನ ಪಕ್ಕ ಸ್ಟೂಲ್ ಎಳೆದುಕೊಂಡು ನಾನೇ ಕೂತೆ. ಆಗಾಗ ಕಾಕಾ ಚಹಾ ತಂದುಕೊಟ್ಟು, ಸೆನ್ಸರ್ ತೂಕಡಿಸುತ್ತಿಲ್ಲ ತಾನೇ ಎಂದು ನೋಡಿಹೋದರು. ಮಧ್ಯಾಹ್ನ ಪೈಪು ಗೊರಗೊರ ಅಂದಿತು. ಎದ್ದು ನಿಂತು, ಎದೆ ತುಂಬಿ, "ನಳ ಬಂದಾವ್ರೀ!" ಎಂದು ಕೂಗಿದೆ. ಇಡೀ ಕಟ್ಟಡ ಓಡಿಬಂತು. ಕೊಡ, ಡ್ರಮ್ಮು, ಬಕೆಟ್ಟು ಎಲ್ಲ ತುಂಬಿದವು. ನಾನು ಕಲಿಸಿದ ಯಂತ್ರ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಅದು ನನ್ನನ್ನು ನಂಬಲಿಲ್ಲ.