ಎತ್ತಿಟ್ಟ ಗುಂಡು

ಮಾಂಸ ತಿನ್ನದವರು ಬೇಟೆಯ ಬಗ್ಗೆ ಮಾತನಾಡಬಾರದು ಎಂದು ನಾನು ಯಾವತ್ತೂ ಹೇಳಿದವನಲ್ಲ. ಮದುವೆಯಾಗದವರು ಸಂಸಾರದ ಬಗ್ಗೆ ಮಾತನಾಡುತ್ತಾರೆ, ಈಜು ಬಾರದವರು ದಡದಲ್ಲಿ ನಿಂತು ಕೈಕಾಲು ಹೇಗೆ ಬಡಿಯಬೇಕೆಂದು ಕೂಗಿ ಹೇಳುತ್ತಾರೆ. ಅದನ್ನೆಲ್ಲ ಸಹಿಸಿಕೊಂಡೇ ಬಂದಿದ್ದೇನೆ. ಆದರೆ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನುಷ್ಯರೊಬ್ಬರು, ಸತ್ಯನಾರಾಯಣ ಪೂಜೆಯ ಸಜ್ಜಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡು, "ನಿಮ್ಮ ಗುಂಡು ಶ್ವಾಸಕೋಶದೊಳಗೆ ಸರಿಯಾಗಿ ಅರಳಲ್ಲ ಕಣ್ರೀ" ಎಂದು ನನಗೆ ಹೇಳಿದರೆ ಸಿಟ್ಟು ಬರಬೇಕೋ ಬೇಡವೋ? ನೀವೇ ಹೇಳಿ. ನನಗಂತೂ ಬಂತು. ಬಂದದ್ದು ಇನ್ನೂ ಪೂರ್ತಿ ಹೋಗಿಲ್ಲ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ನಂಜುಂಡಪ್ಪ. ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಈ ಮಾತನ್ನು ಅವಕಾಶ ಸಿಕ್ಕಾಗಲೆಲ್ಲ ಹೇಳುತ್ತೇನೆ. ಸಿಗದಿದ್ದರೆ ಅವಕಾಶ ಮಾಡಿಕೊಂಡು ಹೇಳುತ್ತೇನೆ. ಸರ್ಕಾರಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗು, ಎರಡು ವಿಷಯ ಡುಮ್ಕಿ, ಮತ್ತೆ ಕಟ್ಟಿ ಪಾಸು. ಈಗ ವಿದೇಶದಲ್ಲಿ, ಹೇವರ್ಡ್ ಎಂಬ ಊರಿನಲ್ಲಿ ಪಂಪುಗಳ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಅಳತೆ ಸರಿಯಿದೆಯೋ ಇಲ್ಲವೋ ನೋಡುವ ಕೆಲಸ. ಅಲ್ಲಿ ಲೇತ್ ಯಂತ್ರಗಳ ಮೇಲ್ವಿಚಾರಕ ರೇ ಎಂಬ ಮುದುಕ ನನ್ನ ಗೆಳೆಯ. ಅವನೇ ನನಗೆ ಬಂದೂಕು ಹಿಡಿಯಲು ಕಲಿಸಿದ್ದು. ಹದಿಮೂರು ವರ್ಷಗಳಿಂದ ಅವನ ಜೊತೆ ಕಾಡುಹಂದಿಗೆ ಹೋಗುತ್ತಿದ್ದೇನೆ. ಹಂದಿ ಅಂದರೆ ಹತ್ತಿರದ ವ್ಯವಹಾರ. ಎಂಬತ್ತು ಗಜ, ನೂರು ಗಜ, ಅಷ್ಟೇ.

ನಮ್ಮ ತಾತನಿಗೂ ಬೇಟೆಯ ಸಂಬಂಧವಿತ್ತು, ಆದರೆ ಬಂದೂಕಿನ ಈ ತುದಿಯಿಂದಲ್ಲ. ಅವನು ಸೋವು ಹಾಕುವವನು. ಅಂದರೆ ತಮಟೆ ಬಡಿದು, ಕೂಗು ಹಾಕಿ, ಪೊದೆಯಲ್ಲಿ ಅಡಗಿದ ಹಂದಿಯನ್ನು ಊರ ಗೌಡರ ಕೋವಿಯ ಮುಂದಕ್ಕೆ ಅಟ್ಟುವವನು. ಒಮ್ಮೆ ಗೌಡರು ಹಾರಿಸಿದ ಗುಂಡು ಹಂದಿಯ ಹಿಂಗಾಲಿಗೆ ಬಿತ್ತು. ಗಾಯಗೊಂಡ ಹಂದಿಯನ್ನು ಹುಡುಕಲು ಗೌಡರು ಪೊದೆಗೆ ಇಳಿಯಲಿಲ್ಲ, ತಾತನನ್ನು ಇಳಿಸಿದರು. ಅವನ ತೊಡೆಯ ಮೇಲೆ ಆ ಹಂದಿಯ ಕೋರೆ ಸೀಳಿದ ಗೇಣುದ್ದದ ಗುರುತೊಂದು ಸಾಯುವ ತನಕ ಇತ್ತು. ಚಿಕ್ಕವನಿದ್ದಾಗ ಅದರ ಮೇಲೆ ಬೆರಳಾಡಿಸುತ್ತ ಆ ಕತೆಯನ್ನು ಎಷ್ಟು ಸಲ ಕೇಳಿದ್ದೇನೋ. ಊರಿನವರು ಗೌಡರ ಬಂದೂಕನ್ನು ಹೊಗಳುತ್ತಿದ್ದರು, ಗುರಿಯ ಮಾತು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ಕಳೆದ ವರ್ಷ ನನಗೆ ಎಲ್ಕ್ ಬೇಟೆಯ ಪರವಾನಗಿ ಬಂತು. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ. ಕುದುರೆಯಷ್ಟು ಮೈ, ಒಣಗಿದ ಮರದಷ್ಟು ಕೊಂಬು. ಪರವಾನಗಿಯನ್ನು ಚೀಟಿ ಎತ್ತಿ ಕೊಡುತ್ತಾರೆ. ಹನ್ನೊಂದು ವರ್ಷ ಅರ್ಜಿ ಹಾಕಿದ ಮೇಲೆ ಬಂದದ್ದು. ಇನ್ನೊಮ್ಮೆ ಈ ಜನ್ಮದಲ್ಲಿ ಬರುವ ಭರವಸೆ ಇಲ್ಲ. ಬೇಟೆಯ ಜಾಗ ಇಲ್ಲಿಯ ರಾಜ್ಯದ ಈಶಾನ್ಯ ಮೂಲೆಯ ಬೋಳು ಬಯಲು, ಅಡಗಲು ಮರವಿಲ್ಲ, ಮುನ್ನೂರು ನಾನೂರು ಗಜಕ್ಕಿಂತ ಹತ್ತಿರ ಆ ಪ್ರಾಣಿ ಬಿಟ್ಟುಕೊಳ್ಳುವುದಿಲ್ಲ. "ಈ ಸಲ ಗುಂಡು ನೋಡಿ ಆರಿಸ್ಕೋ ನಂಜ್" ಎಂದು ರೇ ಹೇಳಿದ. ಅಷ್ಟೇ ಅವನು ಹೇಳಿದ್ದು. ಉಳಿದದ್ದನ್ನೆಲ್ಲ ಹೇಳಿದವರು ಆ ಸಜ್ಜಿಗೆಯ ಮನುಷ್ಯರು, ಪಕ್ಕದೂರು ಸರಟೋಗಾದ ಮೂರ್ತಿಗಳು.

ಮೂರ್ತಿಗಳು ದೊಡ್ಡ ಎಂಜಿನಿಯರು, ಸಜ್ಜನರು, ಬಂದೂಕನ್ನು ದೀಪಾವಳಿಯ ಕೇಪಿನದು ಬಿಟ್ಟರೆ ಮುಟ್ಟಿದವರಲ್ಲ. ಅವರ ಮನೆಯ ಪೂಜೆಯಲ್ಲಿ ನಾನು ಬಾಯಿ ತಪ್ಪಿ ವಿಷಯ ಹೇಳಿದೆ. ಮೂರೇ ದಿನದಲ್ಲಿ ಅಂತರ್ಜಾಲವನ್ನೆಲ್ಲ ಜಾಲಾಡಿ ಫೋನು ಮಾಡಿದರು. "ನಂಜುಂಡಪ್ನೋರೇ, ಹಗುರದ ಗುಂಡು ತಗೋಬೇಡಿ. ಹೊರಡೋವಾಗ ಜೋರು, ಆಮೇಲೆ ಗಾಳಿ ಎಳ್ಕೊಂಡು ಹೋಗುತ್ತೆ." "ಗೊತ್ತು ಮೂರ್ತಿಗಳೇ." "ಪೇಪರ್ ಟಾರ್ಗೆಟ್ಟಿಗೆ ಹೊಡಿಯೋ ಗುಂಡು ಅಂತೂ ಬೇಡವೇ ಬೇಡ. ತುಂಬಾ ಕರಾರುವಾಕ್ಕು, ಆದ್ರೆ ಪ್ರಾಣಿ ಒಳಗೆ ಏನು ಮಾಡುತ್ತೆ ಅಂತ ಹೇಳಕ್ಕಾಗಲ್ಲ." "ಗೊತ್ತು." "ನಮ್ಮ ಸ್ಟೇಟಲ್ಲಿ ಬೇಟೆಗೆ ಸೀಸ ಇಲ್ಲ. ಹದ್ದುಗಳು ಉಳಿದಿದ್ದನ್ನ ತಿಂದು ಸಾಯ್ತವೆ ಅಂತ ಕಾನೂನು ಮಾಡಿದಾರೆ. ತಾಮ್ರದ್ದೇ ಆಗ್ಬೇಕು." "ಮೂರ್ತಿಗಳೇ, ಹನ್ನೆರಡು ವರ್ಷದಿಂದ ಇಲ್ಲೇ ಹಂದಿ ಹೊಡೀತಿರೋನು ನಾನು!" "ಹಾಗಲ್ಲ, ನೀವು ಮೆಕ್ಯಾನಿಕಲ್ಲು ತಾನೆ, ಏರೋಡೈನಾಮಿಕ್ಸು ಅಷ್ಟಾಗಿ ಇರಲಿಲ್ವೇನೋ ಅಂತ…"

ಅಲ್ಲಿಗೆ ನನ್ನ ರಕ್ತ ಕುದಿಯಿತು. ಇದು ಗುಂಡಿನ ಪ್ರಶ್ನೆಯಾಗಿ ಉಳಿಯಲಿಲ್ಲ, ಪದವಿಯ ಪ್ರಶ್ನೆಯಾಯಿತು. ಇನ್ನೂರು ಪುಟದ ನೋಟ್‌ಬುಕ್ಕು ತಂದೆ. ಪರೀಕ್ಷೆಗೆ ಓದಿದ ಹಾಗೆ ಓದಿದೆ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ತಾಮ್ರದ ಗುಂಡು ಗಟ್ಟಿ, ಒಡೆಯುವುದಿಲ್ಲ. ಆದರೆ ಮೈಯೊಳಗೆ ಹೋದ ಮೇಲೆ ಅದರ ಮೂತಿ ಹೂವಿನಂತೆ ಅರಳಬೇಕು, ಆಗಲೇ ಪ್ರಾಣಿ ನರಳದೆ ಬೀಳುವುದು. ಅರಳಲು ವೇಗ ಬೇಕು. ದೂರ ಹೆಚ್ಚಾದಂತೆ ವೇಗ ಕಡಿಮೆ. ಭಾರ ಹೆಚ್ಚಿಸಿದರೆ ಗಾಳಿಗೆ ಅಲುಗುವುದಿಲ್ಲ, ಆದರೆ ಹೊರಡುವಾಗಲೇ ನಿಧಾನ. ಹೀಗೆ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಮೋಟಾಗುವ ಹೊದಿಕೆ ಇದು. ಕೊನೆಗೆ ಭಾರ, ಉದ್ದ, ಚೂಪು, ವೇಗ ಎಲ್ಲ ಹೊಂದುವ ಒಂದು ತಾಮ್ರದ ಗುಂಡನ್ನು ಗೊತ್ತು ಮಾಡಿದೆ. ನಾನೂರು ಗಜದ ತನಕ ಅದು ಖಂಡಿತ ಅರಳುತ್ತದೆ, ಅದರಾಚೆ ನಾನು ಹೊಡೆಯುವುದಿಲ್ಲ ಎಂದು ಬರೆದು ಸಹಿ ಹಾಕಿದೆ. ನಿಜ ಹೇಳುತ್ತೇನೆ, ಕಾಲೇಜಿನಲ್ಲಿ ಇಷ್ಟು ಓದಿದ್ದರೆ ಆ ಎರಡು ವಿಷಯ ಮೊದಲ ಸಲವೇ ಪಾಸಾಗುತ್ತಿದ್ದೆ.

ವಾಲ್ನಟ್ ಕ್ರೀಕ್ ಎಂಬ ಊರು ದಾಟಿ ಆಚೆಯ ಒಂದು ಅಂಗಡಿಯಲ್ಲಿ ಆ ಗುಂಡು ಸಿಕ್ಕಿತು. ಇಪ್ಪತ್ತು ತೋಟಾಗಳ ಒಂದೇ ಡಬ್ಬಿ ಉಳಿದಿತ್ತು. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರಿಗಾದ್ರೂ ಉಡುಗೊರೆನಾ?" ಎಂದ. ನನ್ನ ಮುಖ ನೋಡಿದರೆ ಬೇಟೆಗಾರನ ಹಾಗೆ ಕಾಣುವುದಿಲ್ಲವಂತೆ! ತೋಟಾ ಕೊಳ್ಳುವವರ ಪೂರ್ವಾಪರ ನೋಡಬೇಕೆಂಬ ಕಾನೂನಿನಂತೆ ನನ್ನ ಜಾತಕವನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಮುಂದಿನ ಸರಕು ಯಾವಾಗ ಬರುತ್ತದೋ ಗೊತ್ತಿಲ್ಲ ಎಂದು ಹೇಳಿ ಡಬ್ಬಿ ಕೊಟ್ಟ.

ಮನೆಗೆ ತಂದು ತೆರೆದು ನೋಡಿದೆ. ತಿದ್ದಿ ತೀಡಿದ ಹಾಗೆ ಮಿರಮಿರ ಮಿಂಚುತ್ತಿದ್ದವು. ಹೆಂಡತಿ ಗಿರಿಜಾ, "ದೇವರ ಮನೇಲಿ ಇಟ್ಟುಬಿಡಬೇಡಿ ಮತ್ತೆ" ಎಂದಳು. ದೇವರ ಮನೆಯಲ್ಲಿ ಇಡಲಿಲ್ಲ. ಬೀಗ ಹಾಕಿದ ಕಬ್ಬಿಣದ ಬೀರುವಿನ ಮೇಲಿನ ಅರೆಯಲ್ಲಿ, ಮೆತ್ತನೆಯ ಬಟ್ಟೆ ಸುತ್ತಿ ಇಟ್ಟೆ. ಆಮೇಲೆ ಎರಡು ತಿಂಗಳು, ಪ್ರತಿ ಶನಿವಾರ, ಗುರಿ ಅಭ್ಯಾಸದ ಮೈದಾನಕ್ಕೆ ಹೋಗಿ ಸೀಸದ ಅಗ್ಗದ ಗುಂಡು ಹೊಡೆದೆ. ಕಾಗದಕ್ಕೆ ಹೊಡೆಯಲು ಸೀಸಕ್ಕೆ ಅಡ್ಡಿಯಿಲ್ಲ. ನಾನೂರು ಗಜದಲ್ಲಿ ಊಟದ ತಟ್ಟೆಯಷ್ಟು ಜಾಗದಲ್ಲಿ ಒಂದೂ ತಪ್ಪದಂತೆ ಕೂರಿಸಿದೆ. ಬಂದೂಕಿನ ಸ್ಕೋಪಿನ ತಿರುಪುಗಳನ್ನು ಅದಕ್ಕೆ ಸರಿಯಾಗಿ ತಿರುಗಿಸಿಟ್ಟೆ. ಒಂದು ಶನಿವಾರ ಜೊತೆಗೆ ಬಂದ ಮಗಳು ಅನು ಕೇಳಿದಳು: "ಅಪ್ಪಾ, ವೈ ನಾಟ್ ಯೂಸ್ ದ ಗುಡ್ ವನ್ಸ್?" "ಒಳ್ಳೇದನ್ನ ಯಾರಾದ್ರೂ ಕಾಗದಕ್ಕೆ ಹೊಡೀತಾರೇನಮ್ಮ? ಅದು ಎಲ್ಕಿಗೆ" ಎಂದೆ. ಅವಳು ಭುಜ ಕುಣಿಸಿದಳು. ಅವಳಿಗೇನು ಗೊತ್ತು? ಮದುವೆಯಲ್ಲಿ ಬಂದ ಸ್ಟೀಲಿನ ಲೋಟಗಳನ್ನು ನಮ್ಮವ್ವ ನಲವತ್ತು ವರ್ಷ ಅಟ್ಟದ ಮೇಲಿಟ್ಟು ಸೊಟ್ಟ ಲೋಟದಲ್ಲಿ ಕಾಫಿ ಕುಡಿದವಳು. ಎಸ್ಸೆಸ್ಸೆಲ್ಸಿಗೆ ಮೇಷ್ಟರು ಕೊಟ್ಟ ಒಳ್ಳೆಯ ಪೆನ್ನನ್ನು ನಾನು ವರ್ಷವಿಡೀ ಮುಟ್ಟದೆ ಪರೀಕ್ಷೆಗೆಂದು ಇಟ್ಟುಕೊಂಡಿದ್ದೆ. ಪರೀಕ್ಷೆಯ ದಿನ ಅದು ಬರೆಯಲೇ ಇಲ್ಲ, ಪಕ್ಕದವನ ಸೋರುವ ಪೆನ್ನಿನಲ್ಲಿ ಬರೆದು ಪಾಸಾದೆ. ಆ ಪೆನ್ನು ಇವತ್ತಿಗೂ ಹೊಸದಾಗಿಯೇ ಇದೆ.

ಪರವಾನಗಿಯ ಕೊನೆಯ ದಿನ, ಬೆಳಗ್ಗೆ ಎಂಟರ ಹೊತ್ತಿಗೆ ಅದು ಕಾಣಿಸಿತು. ಎದುರಿನ ಇಳಿಜಾರಿನಲ್ಲಿ ಅಡ್ಡವಾಗಿ ನಿಂತು ಹುಲ್ಲು ಮೇಯುತ್ತಿತ್ತು. ಮುನ್ನೂರ ಎಂಬತ್ತು ಗಜ. ಗಾಳಿ ಇಲ್ಲ. ನಾನು ನೆಲಕ್ಕೆ ಬೋರಲು ಬಿದ್ದೆ. ಡಬ್ಬಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಅದರಿಂದ ಹೊಸ ತೋಟಾ ತೆಗೆದು ತುಂಬಿದೆ. ಪಕ್ಕದಲ್ಲಿ ದುರ್ಬೀನು ಹಿಡಿದಿದ್ದ ರೇ, ತುಂಬಿದ ಡಬ್ಬಿ ನೋಡಿ ಪಿಸುಗುಟ್ಟಿದ. "ಒಂದೂ ಖರ್ಚಾಗಿಲ್ವಲ್ಲೋ. ಇದು ನಿನ್ನ ಬಂದೂಕಲ್ಲಿ ನಾನೂರು ಗಜಕ್ಕೆ ಎಲ್ಲಿ ಬೀಳುತ್ತೆ?"

"ಡಬ್ಬಿ ಮೇಲಿನ ಪಟ್ಟಿ ಪ್ರಕಾರ…"

"ಪಟ್ಟಿ ಕೇಳ್ಲಿಲ್ಲ. ನಿನ್ನ ಬಂದೂಕಲ್ಲಿ."

ಒಂದೇ ಬಂದೂಕಿನಿಂದಲೂ ಒಂದೊಂದು ಬಗೆಯ ಗುಂಡು ಒಂದೊಂದು ಕಡೆ ಬೀಳುತ್ತದೆ ಎಂಬುದು ನನ್ನ ನೋಟ್‌ಬುಕ್ಕಿನ ಮೂವತ್ತನೆಯ ಪುಟದಲ್ಲಿದೆ, ಕೆಂಪು ಅಡಿಗೆರೆಯ ಸಮೇತ. ಎರಡು ತಿಂಗಳು ನಾನು ಬಂದೂಕನ್ನು ಪಳಗಿಸಿದ್ದು ಬೇರೆ ಗುಂಡಿಗೆ. ಈ ರಾಜಕುಮಾರ ಎಲ್ಲಿಗೆ ಹೋಗುತ್ತಾನೋ ನನಗೆ ತಿಳಿಯದು. ಎದೆಗೆ ಹೋಗಬಹುದು. ಒಂದಡಿ ಆಚೆ ಹೋದರೆ ಹೊಟ್ಟೆ, ಒಂದಡಿ ಕೆಳಗೆ ಹೋದರೆ ಕಾಲು. ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ನಾನು ಹನ್ನೊಂದು ವರ್ಷ ಕಾದ ಪ್ರಾಣಿ ಎದುರಿಗೆ ಬಾಲ ಅಲ್ಲಾಡಿಸುತ್ತ ನಿಂತಿತ್ತು. ನನಗೆ ಕಂಡದ್ದು ತಾತನ ತೊಡೆ. ಗೌಡರ ಬಂದೂಕೂ ಒಳ್ಳೆಯದೇ ಆಗಿತ್ತು, ಗುಂಡೂ ಒಳ್ಳೆಯದೇ ಇದ್ದಿರಬೇಕು.

ತೋಟಾ ಹೊರಗೆ ತೆಗೆದೆ. ಬೇಟೆಗೆ ಕೂಡದೆಂದು ಅಗ್ಗದ ಗುಂಡುಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ರೇ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟ. ಎಲ್ಕ್ ಇನ್ನೂ ಅರ್ಧ ಗಂಟೆ ಅಲ್ಲೇ ಮೇಯ್ದು, ನಮಗೆ ಬೆನ್ನು ತೋರಿಸಿ ಗುಡ್ಡ ಹತ್ತಿ ಹೋಯಿತು. ಸುಡುಗಾಡು ಪ್ರಾಣಿ, ಬೇಗ ಹೋಗುವ ಮರ್ಯಾದೆಯನ್ನೂ ತೋರಿಸಲಿಲ್ಲ.

ಬಂದ ಮೇಲೆ ಮೂರ್ತಿಗಳ ಫೋನು. "ನಾನು ಹೇಳ್ಲಿಲ್ವಾ, ಗುಂಡು ಆರಿಸೋದ್ರಲ್ಲೇ ಇದೆ ಎಲ್ಲಾ." ನಾನು ಸಿಟ್ಟಿನಲ್ಲಿ ಏನೋ ಅಂದೆ; ಅದನ್ನು ಇಲ್ಲಿ ಬರೆಯುವುದಿಲ್ಲ, ಅವರ ಮನೆಯ ಪೂಜೆಗೆ ಮುಂದಿನ ವರ್ಷವೂ ಹೋಗಬೇಕು. ಆ ಶನಿವಾರವೇ ಆ ಡಬ್ಬಿ ಹಿಡಿದು ಮೈದಾನಕ್ಕೆ ಹೋದೆ, ಅನುವನ್ನು ಸಾಕ್ಷಿಗೆ ಕರೆದುಕೊಂಡು. ಇಪ್ಪತ್ತನ್ನೂ ಕಾಗದಕ್ಕೆ ಹೊಡೆದು ಈ ವಂಶದ ರೋಗವನ್ನು ಮುಗಿಸಿಬಿಡುತ್ತೇನೆ ಎಂದು ಶಪಥ ಮಾಡಿದ್ದೆ. ಮೊದಲ ಮೂರು ಗುಂಡು ಗುರಿಯಿಂದ ಒಂದಡಿ ಕೆಳಗೆ, ಎಡಕ್ಕೆ, ಒಂದರ ಪಕ್ಕ ಒಂದು ಕೂತವು. ಅಲ್ಲಿ ಎಲ್ಕ್ ನಿಂತಿದ್ದರೆ ಮುಂಗಾಲು. ಸ್ಕೋಪಿನ ತಿರುಪು ತಿರುಗಿಸಿ ಇನ್ನೂ ಆರು ಹೊಡೆದೆ. ಎಷ್ಟು ಚೆನ್ನಾಗಿ ಕೂತವು ಅನ್ನುತ್ತೀರಿ! ಒಂದು ನಿಂಬೆಹಣ್ಣಿನಿಂದ ಮುಚ್ಚಬಹುದಾದಷ್ಟು ಹತ್ತಿರ. ಇಂಥ ಗುಂಡನ್ನು ನಾನೇ ಆರಿಸಿದ್ದು.

ಉಳಿದ ಹನ್ನೊಂದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದಾಗ ಅನು, "ಅಪ್ಪಾ!" ಎಂದಳು.

"ಇರಲಿ ಬಿಡಮ್ಮ. ಇಷ್ಟು ಒಳ್ಳೇದು ಮತ್ತೆ ಸಿಗಲ್ಲ" ಎಂದೆ.