ಪಾಲಾಕ್ಷಪ್ಪನವರ ಹೊಟ್ಟೆ ಸೇರಿದ ಶಾರ್ಕು

ಮಂಡಿನೋವಿಗೆಂದು ಕೊಟ್ಟೂರಿನ ಬಟ್ಟೆ ಅಂಗಡಿ ಪಾಲಾಕ್ಷಪ್ಪನವರು ಮೂರು ತಿಂಗಳಿಂದ ನುಂಗುತ್ತಿದ್ದ ಹಳದಿ ಗುಳಿಗೆಯ ಡಬ್ಬಿಯನ್ನು ಪಕ್ಕದ ಮನೆಯ ಶ್ರೀನಾಥ ಮೇಷ್ಟ್ರು ಓದದೇ ಇದ್ದಿದ್ದರೆ ಯಾರಿಗೂ ಏನೂ ನಷ್ಟವಾಗುತ್ತಿರಲಿಲ್ಲ. ಆದರೆ ಓದು ಬಂದವರಿಗೆ ಓದುವುದೇ ಒಂದು ಕಾಯಿಲೆ.

"ಸಾವ್ಕಾರ್ರ, ಇದು ಶಾರ್ಕ್ ಮೀನಿನ ಎಣ್ಣಿ ಐತಲ್ರಿ!"

ಪಾಲಾಕ್ಷಪ್ಪನವರ ಚಹಾ ಪಂಚೆಯ ಮೇಲೆ ಚೆಲ್ಲಿತು. ಅವರು ದಾರಿಯಲ್ಲಿ ಮೀನಿನ ಬುಟ್ಟಿ ಕಂಡರೂ ಮನೆಗೆ ಬಂದು ಸ್ನಾನ ಮಾಡುವ ಮನುಷ್ಯ. ಮೇಲಾಗಿ ಅವತ್ತೇ ಸಂಜೆ ಅವರನ್ನು ಮಠದ ಕಮಿಟಿಗೆ ಅಧ್ಯಕ್ಷರನ್ನಾಗಿ ಆರಿಸುವವರಿದ್ದರು.

ಮೇಷ್ಟ್ರು ಪಾಠ ಮುಂದುವರಿಸಿದರು. "ಇದು ಸಮುದ್ರದ ತಳದಾಗ ಇರೋ ಜಾತಿ. ಅಲ್ಲಿ ಬಿಸಿಲು ಅನ್ನೋದ ಇಲ್ಲ. ಹಸರು ಕಣ್ಣು ಬಿಟ್ಕೊಂಡು ಕೆಸರಿನ ಮ್ಯಾಲೆ ಮೆಲ್ಲಕ ತಿರಗತೈತಿ. ಮೈಯಾಗ ಕಾಲುಭಾಗ ಲಿವರ್ರು, ಅದರ ತುಂಬ ಎಣ್ಣಿ. ಆ ಎಣ್ಣಿ ಇರೋದ್ರಿಂದ್ಲೇ ಮುಳುಗಂಗಿಲ್ಲ."

ಎದುರುಮನೆ ನಾಗಲಿಂಗಮ್ಮ ಕಾಂಪೌಂಡಿನ ಮೇಲಿಂದ ತಲೆ ಹಾಕಿದಳು. "ಮ್ಯಾಲಿಂದ ಸತ್ತು ಬಿದ್ದದ್ದೂ ತಿಂತೈತೇನ್ರಿ?"

"ಸಿಕ್ಕರ ಬಿಡಂಗಿಲ್ಲ."

"ಅಯ್ಯ, ಥೇಟ್ ನಮ್ಮ ವಾರ್ಡಿನ ಮೆಂಬರ್ ಇದ್ದಂಗ ಐತಿ!"

ಮಧ್ಯಾಹ್ನದೊಳಗೆ ಶಾರ್ಕು ಪಕ್ಕದ ಊರು ಉಜ್ಜಿನಿವರೆಗೂ ಈಜಿತ್ತು. ಗುಳಿಗೆ ಮೀನಾಯಿತು, ಮೀನು ಸಾರಾಯಿತು, ಅರ್ಧ ಕೇಳಿಸಿಕೊಂಡವರಿಗೆ ಅದು ಸಾರಾಯಿಯೂ ಆಯಿತು. ಹೆಂಡತಿ ಭಾಗ್ಯ ಊಟದ ತಟ್ಟೆಯನ್ನು ಹೊರಗಿನ ಕಟ್ಟೆಯ ಮೇಲೆ ತಂದಿಟ್ಟಳು.

"ಆ ಮೀನಿಗೆ ಎಲುಬೇ ಇಲ್ಲಂತ. ಅದು ನಿಮ್ಮ ಎಲುಬಿಗೆ ಏನು ಮಾಡೀತು?"

"ಮೊನ್ನೆ ಉಚ್ಚಂಗಿದುರ್ಗದ ಮೆಟ್ಟಿಲು ನಿನ್ನ ಕೈ ಹಿಡಿದು ಹತ್ತಿಸಿದ್ದು ಯಾರು?"

"ಶಾರ್ಕು!" ಎಂದು ಭಾಗ್ಯ ಕದ ಹಾಕಿಕೊಂಡಳು.

ಅಷ್ಟರಲ್ಲಿ ಕಮಿಟಿಯ ಹಿರಿಯ ಉಜ್ಜಿನಪ್ಪನವರು ಬಂದರು. "ಪಾಲಾಕ್ಷಪ್ಪಾರ, ಹೊಟ್ಟ್ಯಾಗ ಶಾರ್ಕ್ ಇಟ್ಕೊಂಡು ಅಧ್ಯಕ್ಷರ ಕುರ್ಚಿ ಮ್ಯಾಲೆ ಹೆಂಗ ಕುಂದ್ರತೀರಿ?"

ಪಾಲಾಕ್ಷಪ್ಪನವರು ಚಪ್ಪಲಿಯನ್ನೂ ಮೆಟ್ಟದೆ ಗುಳಿಗೆ ಮಾರಿದ ಪ್ರವೀಣಕುಮಾರನ ಮನೆಗೆ ನಡೆದರು. ನ್ಯಾಯ ಹೇಳಲು ಅರ್ಧ ಓಣಿ ಹಿಂದೆಯೇ ಹೋಯಿತು. ಒಬ್ಬರು ನಾಲ್ವರನ್ನು ಸೇರಿಸುವ ಚೈನ್ ವ್ಯಾಪಾರ ಊರೂರಿಗೆ ನುಗ್ಗಿದ್ದ ಕಾಲ ಅದು. ಪ್ರವೀಣ ಟೈ ಕಟ್ಟಿಕೊಂಡೇ ಮಲಗುತ್ತಿದ್ದ. ಜನರನ್ನು ಕಂಡು ಟೈ ಸಮೇತ ಕಾಲಿಗೆ ಬಿದ್ದ.

"ನಿಮ್ಮ ಪಾದ ಮುಟ್ಟಿ ಆಣಿ ಮಾಡ್ತೀನ್ರಿ, ಅದರಾಗ ಮೀನು ಇಲ್ರಿ! ನಮ್ಮೂರ ಶೇಂಗಾ ಎಣ್ಣಿ. ಬಣ್ಣಕ್ಕ ಒಂಚೂರು ಅರಿಶಿಣ ಹಾಕಿನ್ರಿ!"

ಓಣಿಯೇ ಉಸಿರುಬಿಟ್ಟಿತು. ಮೋಸ ಹೋಗಿದ್ದಕ್ಕೆ ಇಷ್ಟೊಂದು ಸಂತೋಷಪಟ್ಟ ಗಿರಾಕಿಯನ್ನು ಕೊಟ್ಟೂರು ಅದುವರೆಗೆ ಕಂಡಿರಲಿಲ್ಲ. "ಬರ್ರಿ ಅಧ್ಯಕ್ಷರ, ಮಠಕ್ಕ ಹೋಗೂಣು!" ಎಂದು ಉಜ್ಜಿನಪ್ಪನವರು ಜನರನ್ನು ಕರೆದುಕೊಂಡು ಮುಂದೆ ನಡೆದರು.

ಪಾಲಾಕ್ಷಪ್ಪನವರು ನಗುತ್ತಾ ಮೆಟ್ಟಿಲಿಳಿಯಲು ಕಾಲೆತ್ತಿದರು. ಮಂಡಿ ಲಟಕ್ಕೆಂದಿತು. ಬರೀ ಶೇಂಗಾ ಎಣ್ಣೆಯೆಂದು ಮಂಡಿಗೂ ಗೊತ್ತಾಗಿಬಿಟ್ಟಿತ್ತು. ಮೂರು ತಿಂಗಳ ನೋವು ಒಟ್ಟಿಗೇ ಬಂದು ಕೂತಿತು. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತು, ಓಣಿ ಖಾಲಿಯಾಯಿತೆಂದು ಖಾತ್ರಿ ಮಾಡಿಕೊಂಡು, ಪ್ರವೀಣನ ಟೈ ಹಿಡಿದು ಹತ್ತಿರ ಎಳೆದರು.

"ಲೇ, ಖರೇ ಶಾರ್ಕಿಂದು ಎಲ್ಲಿ ಸಿಗತೈತೋ?"

ಅಧ್ಯಕ್ಷರು ಬರಲಿಲ್ಲವಲ್ಲ ಎಂದು ತಿರುಗಿ ಬಂದಿದ್ದ ಉಜ್ಜಿನಪ್ಪನವರು ಗೋಡೆಯ ಮರೆಯಲ್ಲೇ ನಿಂತಿದ್ದರು. ಬಂದ ಹೆಜ್ಜೆಯಲ್ಲೇ ಮಠದ ಕಡೆ ತಿರುಗಿದರು.

ಆ ಸಂಜೆ ಮಠದ ಕಮಿಟಿಗೆ ಉಜ್ಜಿನಪ್ಪನವರೇ ಅವಿರೋಧವಾಗಿ ಅಧ್ಯಕ್ಷರಾದರು.