ಪ್ರೋಟೀನು ಪಾಠವೂ ನಂದವರದ ಸಂಬಂಧವೂ

ಕೆಲವರಿಗೆ ಶನಿಯ ಕಾಟ ಇರುತ್ತದೆ, ನನಗೆ ಪ್ರೋಟೀನಿನ ಕಾಟ. ಆದೋನಿಯ ಒಂದು ಇಂಟರ್ ಕಾಲೇಜಿನಲ್ಲಿ ನಾನು ಜೀವಶಾಸ್ತ್ರದ ಮೇಷ್ಟ್ರು. ಎಲೆ, ಬೇರು, ಹೃದಯ, ಕಿಡ್ನಿ ಎಲ್ಲವೂ ಸುಸೂತ್ರವಾಗಿ ಮುಗಿಯುತ್ತವೆ. ಪ್ರೋಟೀನಿನ ಅಧ್ಯಾಯ ತೆಗೆದರೆ ಮಾತ್ರ ಪ್ರತಿ ವರ್ಷವೂ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ.

ಒಂದು ವರ್ಷ ಆ ಅಧ್ಯಾಯವೂ ನನ್ನ ಮದುವೆಯ ಮಾತುಕತೆಯೂ ಒಟ್ಟಿಗೆ ಶುರುವಾದವು. ಹುಡುಗಿ ನಂದವರದವಳು. ಹೋಗಿ ನೋಡಿ ಬಂದಿದ್ದೆವು. ಆಕೆ ಉಪ್ಪಿಟ್ಟಿನ ತಟ್ಟೆ ಕೊಡುವಾಗ ಸಣ್ಣಗೆ ನಕ್ಕಿದ್ದಳು, ನಾನು ಅಲ್ಲಿಗೇ ಮುಗಿದುಹೋಗಿದ್ದೆ. ಎರಡೂ ಕಡೆ ಶೈವರ ಮನೆ, ಎಲ್ಲ ಹೊಂದಿತ್ತು. ಆದರೆ ಅವರ ಮನೆಯಲ್ಲಿ ಕೊನೆಯ ಮಾತು ಹುಡುಗಿಯ ಸೋದರಮಾವನದು. ಅವರು ಹತ್ತಿ ವ್ಯಾಪಾರಿ. ನಾವು ಹೋದ ದಿನ ವ್ಯಾಪಾರದ ಮೇಲೆ ಎಲ್ಲಿಗೋ ಹೋಗಿದ್ದರು, ನಾನು ಅವರ ಮುಖ ನೋಡಿರಲಿಲ್ಲ. "ಹತ್ತಿ ಮೂಟಿ ಒಳಗ ಕೈ ಹಾಕಿ ನೋಡದೆ ನಾನು ತಗೊಳ್ಳಲ್ಲ. ಹುಡುಗನ್ನೂ ಹಂಗೇ ನೋಡತೀನಿ" ಎಂದು ಹೇಳಿಕಳಿಸಿದ್ದರಂತೆ. ಅಂದರೆ ಯಾವತ್ತಾದರೂ ಹೇಳದೆ ಕೇಳದೆ ಬಂದು ನನ್ನ ನಡತೆ ವಿಚಾರಿಸುವವರು. ಅವರು ಬಂದಾಗಲೆಲ್ಲ ನಾನು ಪ್ರೋಟೀನು ಹೇಳುತ್ತಿದ್ದೆ, ಅದೇ ನನ್ನ ಗ್ರಹಚಾರ.

ತಾತನ ರುಮಾಲು

ಮೊದಲು ರಚನೆಯ ಪಾಠ. ಅಮೈನೋ ಆಮ್ಲಗಳು ಸಾಲಾಗಿ ಒಂದಕ್ಕೊಂದು ಸೇರಿ ಉದ್ದ ಸರಪಳಿಯಾಗುತ್ತವೆ. ಆ ಸರಪಳಿ ಅಲ್ಲಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ, ಅಲ್ಲಲ್ಲಿ ನೆರಿಗೆಯಾಗುತ್ತದೆ, ಆಮೇಲೆ ಎಲ್ಲ ಮಡಚಿಕೊಂಡು ಗಂಟಾಗುತ್ತದೆ. ಆ ಮಡಿಕೆ ಸರಿಯಿದ್ದರೆ ಮಾತ್ರ ಪ್ರೋಟೀನಿಗೆ ಕೆಲಸ. ಕಾಯಿಸಿ ಮಡಿಕೆ ಬಿಚ್ಚಿದರೆ ಸರಪಳಿ ಹಾಗೇ ಇರುತ್ತದೆ, ಕೆಲಸ ಹೋಗುತ್ತದೆ. ಇದಕ್ಕೆ ಡಿನೇಚರೇಷನ್ ಅನ್ನುತ್ತಾರೆ.

ಬೋರ್ಡಿನ ಮೇಲೆ ಎಷ್ಟು ಗೀಚಿದರೂ ಹುಡುಗರ ಮುಖದಲ್ಲಿ ಬೆಳಕು ಕಾಣಲಿಲ್ಲ. ಕಿಟಕಿಯಾಚೆ ಗೇಟಿನ ಹತ್ತಿರ ನಮ್ಮ ವಾಚ್‌ಮನ್ ತಾತ ಕೂತಿದ್ದ, ತಲೆಯ ಮೇಲೆ ದೊಡ್ಡ ಬಿಳಿ ರುಮಾಲು. ಹೋಗಿ ಕೇಳಿದೆ. "ಪಾಠಕ್ಕೇನ್ರಿ ಸಾರ್? ತಗೋರಿ" ಎಂದು ಟೋಪಿ ತೆಗೆದ ಹಾಗೆ ಎತ್ತಿ ಕೈಗಿಟ್ಟ. ಹಾಗೆ ಇಡಿಯಾಗಿ ಎತ್ತಿ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು.

ಪಾಠ ಭರ್ಜರಿಯಾಯಿತು. ರುಮಾಲು ಬಿಚ್ಚಿದೆ, ಎರಡು ಬೆಂಚಿನ ಉದ್ದಕ್ಕೂ ಹಾಸಿದೆ, ಹುಡುಗರು ಚಪ್ಪಾಳೆ ತಟ್ಟಿದರು. ಕ್ಲಾಸು ಮುಗಿದ ಮೇಲೆ ಬಟ್ಟೆಯನ್ನು ತಾತನಿಗೆ ಕೊಟ್ಟೆ.

"ಕಟ್ಟಿಕೊಡ್ರಿ ಸಾರ್."

"ನನಗ ಬರಲ್ಲ ತಾತ, ನೀವೇ ಕಟ್ಕೊಳ್ರಿ."

"ನನಗೂ ಬರಲ್ರೀ! ಇದು ನನ್ನ ಮಗಳ ಮದುವ್ಯಾಗ ಬೀಗರು ಕಟ್ಟಿದ್ದು. ಆವತ್ತಿನಿಂದ ಗೂಟಕ್ಕ ಹಾಕತೀನಿ, ಮುಂಜಾನಿ ತಲಿಗಿಟ್ಕೊತೀನಿ. ಆಕಿ ಮಗ ಈಗ ಹೈಸ್ಕೂಲಿಗೆ ಹೋಗತಾನ."

"ಒಗಿಯೋದು ಹೆಂಗ?"

"ಹಂಗೇ ಮುಳುಗಿಸಿ ತೆಗಿತೀನ್ರಿ."

ಸ್ಟಾಫ್ ರೂಮಿನವರೆಲ್ಲ ಸೇರಿ ಪ್ರಯತ್ನಿಸಿದೆವು. ಗಣಿತದವರು ಕಟ್ಟಿದ್ದು ಕಣ್ಣು ಮುಚ್ಚಿತು, ತೆಲುಗು ಪಂಡಿತರು ಕಟ್ಟಿದ್ದು ಕುತ್ತಿಗೆಗೆ ಇಳಿಯಿತು. ಕೊನೆಗೆ ತಾತ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಬೋಳು ತಲೆಯಲ್ಲಿ ಗೇಟಿಗೆ ಹೋದ. ಆ ಹೊತ್ತಿಗೇ ವಿಭೂತಿ ಧರಿಸಿದ ದಪ್ಪನೆಯ ಹಿರಿಯರೊಬ್ಬರು ಬಂದು, "ಇಲ್ಲಿ ಬಯಾಲಜಿ ಸಾರ್ ಹೆಂಗ್ರಿ ಮನಷ್ಯ?" ಎಂದು ಕೇಳಿದರಂತೆ.

"ಭಾಳ ಒಳ್ಳೇರ್ರೀ. ಆದ್ರ ಎಲ್ಲಾರ ಮುಂದ ನನ್ನ ರುಮಾಲು ಬಿಚ್ಚಿಬಿಟ್ರು" ಎಂದನಂತೆ ತಾತ.

ಸಂಜೆ ಮನೆಗೆ ಹೋದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು. "ನಂದವರದಿಂದ ಫೋನ್ ಬಂದಿತ್ತು. ಹಿರೇ ಮನಷ್ಯಾನ ರುಮಾಲು ಬಿಚ್ಚಿದಿ ಅಂತಲ್ಲೋ?"

"ಅವ್ವ, ಅದು ಪ್ರೋಟೀನು."

"ಬ್ಯಾರೇರ ತಲಿ ಮ್ಯಾಲಿನ ಮರ್ಯಾದಿ ತಗದು ಪ್ರೋಟೀನು ಅಂತಾನ! ಇವನಿಗೆ ಯಾರು ಹೆಣ್ಣು ಕೊಡತಾರ?"

ಹತ್ತಿಗೆ ಆದ ಅವಮಾನ

ಮುಂದಿನ ವಾರ ವರ್ಗೀಕರಣದ ಪಾಠ. ಪ್ರಿನ್ಸಿಪಾಲರು ಒಬ್ಬ ಹಿರಿಯರನ್ನು ಕರೆತಂದು ಕೊನೆಯ ಬೆಂಚಿನಲ್ಲಿ ಕೂಡಿಸಿದರು. "ಮನಿ ಹುಡುಗಿನ್ನ ಸೇರಸಬೇಕಂತಾರ, ಪಾಠ ಹೆಂಗ ನಡೀತೈತಿ ನೋಡತಾರಂತ" ಎಂದು ಹೇಳಿ ಹೋದರು. ನಾನೂ ಸ್ವಲ್ಪ ಗತ್ತಿನಿಂದಲೇ ಶುರುಮಾಡಿದೆ. ಬೇರೇನೂ ಬೆರೆಯದ ಸರಳ ಪ್ರೋಟೀನುಗಳಿವೆ, ಸಕ್ಕರೆಯನ್ನೋ ಕೊಬ್ಬನ್ನೋ ಕಟ್ಟಿಕೊಂಡ ಸಂಯುಕ್ತ ಪ್ರೋಟೀನುಗಳಿವೆ. ಆಕಾರ ನೋಡಿದರೆ ಉಂಡೆಯಂಥವು ಒಂದು ಜಾತಿ, ನಾರಿನಂಥವು ಇನ್ನೊಂದು.

"ನಾರಿನಂಥ ಪ್ರೋಟೀನಿಗೆ ಉದಾಹರಣೆ ಹೇಳ್ರಿ."

"ಹತ್ತಿ ಸಾರ್!" ಇಡೀ ಕ್ಲಾಸು ಒಂದೇ ದನಿಯಲ್ಲಿ ಕೂಗಿತು. ಆದೋನಿಯಲ್ಲಿ ನಾರು ಅಂದಮೇಲೆ ಇನ್ನೇನು ಹೇಳಿಯಾರು?

ಹತ್ತಿ ಪ್ರೋಟೀನ್ ಅಲ್ಲ, ಅದು ಸೆಲ್ಯುಲೋಸು, ಸಕ್ಕರೆಯ ಕಡೆಯ ನೆಂಟ ಎಂದೆ. ಉಣ್ಣೆ ಪ್ರೋಟೀನು, ರೇಷ್ಮೆ ಪ್ರೋಟೀನು, ಕೂದಲು ಪ್ರೋಟೀನು. ಅಷ್ಟು ಹೇಳಿದ್ದೇ ತಡ, ಆಸ್ಪರಿ ಕಡೆಯ ಕುರಿ ಸಾಕುವವರ ಮಕ್ಕಳು ಬೆಂಚು ಬಡಿದು ಕುಣಿದರು. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನವರ ಮಗಳು ಮುಖ ಊದಿಸಿಕೊಂಡಳು. ಕೊನೆಯ ಬೆಂಚಿನ ಹಿರಿಯರು ಎದ್ದು ನಿಂತರು.

"ತಡೀರಿ ಸಾರ್. ಕುರಿ ಕೂದಲಿನಾಗ ಐತಿ?"

"ಐತ್ರಿ."

"ನಮ್ಮ ಉಗುರಿನಾಗ?"

"ಅದರಾಗೂ ಐತ್ರಿ."

"ಕತ್ತರಿಸಿ ಬಿಸಾಕೋ ಉಗುರಿಗೆ ಐತಿ, ಬೆಳ್ಳಿಯಂಥ ಹತ್ತಿಗೆ ಇಲ್ಲ. ಯಾರ್ರಿ ಇದನ್ನ ಗ್ರೇಡ್ ಮಾಡಿದೋರು?"

ಕ್ಲಾಸು ನಗುತ್ತಿತ್ತು, ಅವರು ನಗುತ್ತಿರಲಿಲ್ಲ. ನಾನು ಬೆವರು ಒರೆಸಿಕೊಂಡು, "ಹತ್ತಿ ಕಾಳಿನಾಗ ಬೇಕಾದಷ್ಟು ಪ್ರೋಟೀನ್ ಐತ್ರಿ. ಎಮ್ಮಿಗೆ ಹಿಂಡಿ ಹಾಕತೀವಲ್ರಿ, ಅದಕ್ಕೇ" ಎಂದೆ.

ಅವರು ಸಮಾಧಾನದಿಂದ ಕೂತರು. "ಅದನ್ನ ಮೊದಲು ಹೇಳಬೇಕ್ರಿ ಸಾರ್. ಬರೇ ಇಲ್ಲ ಅಂದಿದ್ದು ಮಾರ್ಕೆಟ್‌ನಾಗ ಗೊತ್ತಾದ್ರ ರೇಟು ಬೀಳತೈತಿ."

ಅವರು ಹೋದ ಮೇಲೆ ತಾತ ಬಂದು ಕಿವಿಯಲ್ಲಿ ಹೇಳಿದ: "ಮೊನ್ನೆ ನಿಮ್ಮ ಬಗ್ಗೆ ವಿಚಾರಿಸಿದೋರು ಇವರೇ ರೀ." ಹುಡುಗಿಯ ಸೋದರಮಾವನ ಎದುರಿಗೇ ನಾನು ಹತ್ತಿಯನ್ನು ಉಗುರಿಗಿಂತ ಕೆಳಗೆ ಇಳಿಸಿದ್ದೆ.

ಮದ್ದಿಕೇರಕ್ಕೆ ಹೋದ ಸ್ಟಾಪ್ ಕೋಡಾನ್

ಪ್ರೋಟೀನ್ ತಯಾರಾಗುವ ಪಾಠವನ್ನು ಆಡಿ ತೋರಿಸುವುದು ನನ್ನ ಪದ್ಧತಿ. ಡಿ.ಎನ್.ಎ. ಮನೆಯ ಯಜಮಾನ, ಒಳಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ತನ್ನ ಮಾತನ್ನು ನಕಲು ಮಾಡಿಸಿ ಹೊರಗೆ ಕಳಿಸುತ್ತಾನೆ. ಹೊರಗೆ ರೈಬೋಸೋಮ್ ಎಂಬ ಕೆಲಸಗಾರ ಆ ನಕಲನ್ನು ಮೂರು ಮೂರು ಅಕ್ಷರದಂತೆ ಓದಿ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಜೋಡಿಸುತ್ತಾನೆ. 'ನಿಲ್ಲಿಸು' ಎಂಬ ಮೂರಕ್ಷರ ಬಂದಾಗ ನಿಲ್ಲಿಸುತ್ತಾನೆ. ಅದೇ ಸ್ಟಾಪ್ ಕೋಡಾನ್.

ಮೈದಾನದಲ್ಲಿ ಉದ್ದ ಹಗ್ಗಕ್ಕೆ ಚೀಟಿ ಕಟ್ಟಿದೆವು. ಗಟ್ಟಿಮುಟ್ಟಾದ ಇಬ್ಬರು ರೈಬೋಸೋಮ್ ಆದರು. ಉಳಿದವರು ಒಬ್ಬರ ಕೈ ಒಬ್ಬರು ಹಿಡಿದು ಸರಪಳಿಯಾಗಬೇಕು. ಹಗ್ಗದ ಕೊನೆಯಲ್ಲಿ ಕೆಂಪು ಟವೆಲ್ ಹಿಡಿದು ಮದ್ದಿಕೇರದ ಹುಡುಗ. "ಕೆಂಪು ಟವೆಲ್ ಕಾಣೋತನಕ ಯಾರೂ ನಿಲ್ಲಬಾರದು" ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ಅಷ್ಟರಲ್ಲಿ ಅವ್ವನ ಫೋನು. "ಹುಡುಗಿ ಮಾವಾರು ಇವತ್ತು ಆದೋನ್ಯಾಗ ಅದಾರಂತ. ಸ್ವಲ್ಪ ಹುಷಾರಾಗಿರಪ್ಪ, ಏನೂ ಮಾಡಬ್ಯಾಡ." ನಾನೇನು ಮಾಡುತ್ತೇನೆ ಅವ್ವ, ಸುಮ್ಮನೆ ಪಾಠ ಹೇಳುತ್ತಿದ್ದೇನೆ ಎಂದು ಧೈರ್ಯ ಹೇಳಿ ತಿರುಗಿ ನೋಡಿದರೆ ಮೈದಾನ ಖಾಲಿ.

ಸ್ಟಾಪ್ ಕೋಡಾನಿಗೆ ಬಸ್ಸಿನ ಹೊತ್ತಾಗಿತ್ತು. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟಿದ್ದ. ರೈಬೋಸೋಮುಗಳು ಶಿಸ್ತಿನ ಹುಡುಗರು. ಹಗ್ಗ ಮುಗಿದಾಗ ಮತ್ತೆ ಮೊದಲಿಂದ ಓದಿದ್ದರು. ಆಟ ನೋಡಲು ಬಂದ ಬೇರೆ ಕ್ಲಾಸಿನವರನ್ನೂ ಜೋಡಿಸಿಕೊಂಡಿದ್ದರು. ಪ್ರೋಟೀನು ಬೆಳೆದು ಬೆಳೆದು ಗೇಟು ದಾಟಿ, ರಸ್ತೆಗೆ ಅಡ್ಡಲಾಗಿ, ಎದುರಿನ ಟೀ ಅಂಗಡಿಯನ್ನು ಮುಟ್ಟಿತ್ತು. ಹತ್ತಿ ತುಂಬಿದ ಲಾರಿಯೊಂದು ನಿಂತು ಹಾರನ್ ಹೊಡೆಯುತ್ತಿತ್ತು.

ಡ್ರೈವರ್ ತಲೆ ಹೊರಹಾಕಿ, "ಏಂದಿ ಸಾರ್ ಇದಿ, ಧರ್ನಾನಾ?" ಎಂದ ತೆಲುಗಿನಲ್ಲಿ. ಅವನ ಪಕ್ಕದ ಸೀಟಿನಲ್ಲಿ ವಿಭೂತಿಯ ಹಣೆ. ಬೇರೆ ಯಾರು, ಅವರೇ.

"ಇದೇನ್ರಿ ಸಾರ್?" ಎಂದರು ಸೋದರಮಾವ.

"ಪ್ರೋಟೀನ್ ರೀ."

"ಇದನ್ನ ನಿಲ್ಲಸೋರು ಯಾರೂ ಇಲ್ಲೇನ್ರಿ?"

"ಒಬ್ಬ ಇದ್ದ ರೀ. ಮದ್ದಿಕೇರ ಬಸ್ಸಿಗೆ ಹೋಗ್ಯಾನ."

ಒಂದೇ ಒಂದು ಮೊಟ್ಟೆ

ಸಂಬಂಧ ಇನ್ನೇನು ಕೈಬಿಟ್ಟ ಹಾಗೆಯೇ ಎಂದುಕೊಂಡೆ. ನಿಜ ಹೇಳುತ್ತೇನೆ, ಅನ್ನ ಸೇರುತ್ತಿರಲಿಲ್ಲ, ಉಪ್ಪಿಟ್ಟು ಕಂಡರೆ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದೆ. ಆಗ ಸೋದರಮಾವ ಹೇಳಿಕಳಿಸಿದರು: "ಸೋಮವಾರ ಮಾರ್ಕೆಟ್ಟಿಗೆ ಬರತೀನಿ. ಕಾಲೇಜಿಗೇ ಬಂದು ಹೌದೋ ಅಲ್ಲೋ ಹೇಳಿ ಹೋಗತೀನಿ."

ಅದೇ ಸೋಮವಾರ ಪ್ರಾಕ್ಟಿಕಲ್. ಮೊಟ್ಟೆಯ ಬಿಳಿಯನ್ನು ಕಾಯಿಸಿದರೆ ಪ್ರೋಟೀನು ಗಟ್ಟಿಯಾಗುತ್ತದೆ, ಕ್ಷಾರದ ಜೊತೆ ಮೈಲುತುತ್ತದ ನೀರು ಹಾಕಿದರೆ ನೇರಳೆ ಬಣ್ಣ ಬರುತ್ತದೆ. ಮೊಟ್ಟೆ ತರುವ ಲ್ಯಾಬಿನವನು ಮದುವೆಗೆ ಹೋಗಿದ್ದ. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಯಾರೂ ಎತ್ತುವುದಿಲ್ಲ. ನನಗೆ ಗುರುತಿನವರಿಲ್ಲದ ಸ್ಟೇಷನ್ ಕಡೆಯ ಅಂಗಡಿಗೆ ಹೋಗಿ ಒಂದು ಮೊಟ್ಟೆ ಕೊಡಿ ಎಂದೆ. "ಒಂದೇನಾ?" ಎಂದು ಅಂಗಡಿಯವನು ನನ್ನನ್ನು ಕನಿಕರದಿಂದ ನೋಡಿದ.

ಅದನ್ನು ಇಡುವುದೆಲ್ಲಿ? ಚೀಲದಲ್ಲಿ ಅವ್ವ ಕೊಟ್ಟ ಬುತ್ತಿ ಇತ್ತು, ಅದರ ಪಕ್ಕ ಇಟ್ಟರೆ ಅವ್ವ ಚೀಲವನ್ನೇ ಸುಟ್ಟಾಳು. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಎದೆ ಹೆಚ್ಚು ಉಬ್ಬದ ಹಾಗೆ ಉಸಿರಾಡುತ್ತ ಕಾಲೇಜು ತಲುಪಿದೆ.

ಗೇಟಿನಲ್ಲೇ ಸೋದರಮಾವ ನಿಂತಿದ್ದರು. ಬಿಳಿ ಧೋತರ, ಬರಿಗಾಲು, ಚಪ್ಪಲಿ ಪಕ್ಕಕ್ಕೆ ಬಿಟ್ಟಿದ್ದರು. ಶುಭದ ಮಾತು ಆಡುವಾಗ ಚಪ್ಪಲಿ ಹಾಕಿರಬಾರದು ಅಂತಲೋ ಏನೋ. ನನ್ನ ತಲೆ ಯೋಚನೆ ಮಾಡುವ ಮೊದಲೇ ಬೆನ್ನು ಬಾಗಿತು. ಹಿರಿಯರ ಕಾಲಿಗೆ ನಮಸ್ಕಾರ ಮಾಡಿದೆ. ಜೇಬಿನ ಮೊಟ್ಟೆ ಜಾರಿ ಅವರ ಬಲಗಾಲ ಮೇಲೆ ಬಿದ್ದು ಒಡೆಯಿತು.

ಹಳದಿ ಅವರ ಬೆರಳ ಸಂದಿಯಲ್ಲಿ ನಿಧಾನಕ್ಕೆ ಇಳಿಯುತ್ತಿತ್ತು. ತಾತ ಓಡಿಬಂದು ಹೆಗಲ ಮೇಲಿನ ಆ ರುಮಾಲಿನ ಬಟ್ಟೆಯಿಂದಲೇ ಒರೆಸಿದ.

"ಮಾವಾರ, ತಿನ್ನಾಕಲ್ರಿ, ಪಾಠಕ್ಕ..." ನನ್ನ ದನಿ ನನಗೇ ಕೇಳಿಸಲಿಲ್ಲ.

ಅವರು ತಮ್ಮ ಕಾಲು ನೋಡಿದರು, ನನ್ನ ಒದ್ದೆ ಜೇಬು ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದರು.

"ನಮ್ಮೂರಾಗ ಯಾರೋ ಹೇಳಿದ್ರು, ಹುಡುಗ ಕಾಲೇಜಿನಾಗ ತತ್ತಿ ಮುಟ್ಟತಾನ, ತಿಂತಾನೋ ಏನೋ ಅಂತ. ಅದನ್ನೇ ಕೇಳಾಕ ಬಂದಿದ್ದೆ. ಈಗ ಕೇಳೋದೇನೂ ಉಳೀಲಿಲ್ರಿ. ತತ್ತಿ ತಿನ್ನೋ ಮನಷ್ಯ ಅದನ್ನ ಅಂಗಿ ಜೇಬಿನಾಗ ಇಟ್ಕೊಂಡು ಬಗ್ಗತಾನೇನ್ರಿ? ನಡೀರಿ, ಲಗ್ನ ಇಟ್ಕೊಳ್ಳೋಣ."

ಮದುವೆಯಾಯಿತು. ಆ ಮದುವೆಯಲ್ಲೇ ತಾತನಿಗೆ ಹೊಸ ರುಮಾಲು ಕಟ್ಟಿಸಿದೆ. ಮುಂದಿನ ವರ್ಷ ಮತ್ತೆ ಪ್ರಾಕ್ಟಿಕಲ್ ಬಂತು, ಲ್ಯಾಬಿನವನು ಮತ್ತೆ ರಜೆ. ಹಿಂದಿನ ದಿನ ಅವ್ವ ಪೂಜೆಗೆ ಕೂತಿದ್ದಾಗ ಅಡುಗೆಮನೆಯಲ್ಲಿ ಹೆಂಡತಿಯ ಹತ್ತಿರ ಮೊಟ್ಟೆ ಒಯ್ಯುವ ಗೋಳು ಹೇಳಿಕೊಂಡೆ. ಆಕೆ ರೊಟ್ಟಿ ತಟ್ಟುತ್ತ, "ಜೇಬಿನಾಗ ಒಯ್ಯಬ್ಯಾಡ್ರಿ. ಡಬ್ಬ್ಯಾಗ ಜ್ವಾಳದ ಹಿಟ್ಟು ತುಂಬಿ ಅದರಾಗ ಹುದುಗಿಸ್ರಿ. ಒಡಿಯಲ್ಲ, ಯಾರಿಗೂ ಕಾಣಲ್ಲ. ಕರ್ನೂಲ್ ಹಾಸ್ಟೆಲಿನಾಗ ನಾವು ಹಂಗೇ ಒಳಗ ತರತಿದ್ವಿ" ಎಂದಳು.

"ಪಾಠಕ್ಕೇನು?" ಎಂದೆ.

"ಅಲ್ರಿ, ಆಮ್ಲೆಟ್ಟಿಗೆ" ಎಂದಳು, ಉಪ್ಪಿಟ್ಟು ಕೊಟ್ಟ ದಿನ ನಕ್ಕ ಹಾಗೆಯೇ ಸಣ್ಣಗೆ ನಕ್ಕು.

ಅವರ ಕಡೆಯವರು ನನ್ನ ಬಗ್ಗೆ ಅಷ್ಟೆಲ್ಲ ವಿಚಾರಿಸಿದರು. ಹುಡುಗಿಯ ಬಗ್ಗೆ ವಿಚಾರಿಸಬೇಕು ಅಂತ ನಮ್ಮ ಕಡೆ ಒಬ್ಬರಿಗೂ ಹೊಳೆದಿರಲಿಲ್ಲ.